ಇರುವೆಯ ಗೂಡಿನಲ್ಲಿ ಕೂಡು ದುಡಿಮೆ ಎಷ್ಟು, ಒಂಟಿ ದುಡಿಮೆ ಎಷ್ಟು?

ಇರುವೆಗಳ ಸಾಲು ಕಂಡ ಕೂಡಲೇ ಒಗ್ಗಟ್ಟಿನ ಮಾತು ನಾಲಗೆಗೆ ಬರುತ್ತದೆ. ಆದರೆ ಆ ಸಾಲಿನಿಂದ ಒಂದೇ ಒಂದು ಇರುವೆಯನ್ನು ಆರಿಸಿಕೊಂಡು ಅದರ ಮೇಲಷ್ಟೇ ಕಣ್ಣಿಟ್ಟರೆ ಬೇರೆಯದೇ ಚಿತ್ರ ಕಾಣುತ್ತದೆ. ಅದು ತನ್ನಷ್ಟಕ್ಕೆ ತಾನು ಹೋಗುತ್ತದೆ, ಎದುರಾದ ಇರುವೆಯ ಮೈಗೆ ಕ್ಷಣಮಾತ್ರ ಕುಡಿಮೀಸೆ ತಾಗಿಸಿ ಮುಂದೆ ಸಾಗುತ್ತದೆ, ತನ್ನ ಪಾಲಿನ ಕಾಳನ್ನು ತಾನೇ ಕಚ್ಚಿಕೊಂಡು ಗೂಡಿಗೆ ತರುತ್ತದೆ. ಯಾರೂ ಅದಕ್ಕೆ ಹೆಗಲು ಕೊಡುವುದಿಲ್ಲ, ಅದೂ ಯಾರ ಹೊರೆಗೂ ಹೆಗಲು ಕೊಡುವುದಿಲ್ಲ. ಬಹುಪಾಲು ಜಾತಿಗಳಲ್ಲಿ ಗೂಡಿನ ದಿನನಿತ್ಯದ ಕೆಲಸ ಎಂದರೆ ಹೀಗೆ ಅಕ್ಕಪಕ್ಕದಲ್ಲಿ ನಡೆಯುವ ನೂರಾರು ಒಂಟಿ ದುಡಿಮೆಗಳ ಮೊತ್ತ. ಆದ್ದರಿಂದ ಇರುವೆಗಳ ಬಲ ಇರುವುದು ಗುಂಪಿನಲ್ಲೋ ಒಂಟಿ ಜೀವದಲ್ಲೋ ಎಂದು ಒಟ್ಟಾರೆಯಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ಕೆಲಸಕ್ಕೆ ಎಂದು ಸೇರಿಸಿ ಕೇಳಿದಾಗ ಮಾತ್ರ ಉತ್ತರ ಸಿಗುತ್ತದೆ, ಮತ್ತು ಆ ಉತ್ತರ ಕೆಲಸದಿಂದ ಕೆಲಸಕ್ಕೆ ಬದಲಾಗುತ್ತದೆ.

ಈ ಗೊಂದಲವನ್ನು ಬಿಡಿಸಲು ಕಾರ್ಲ್ ಆಂಡರ್ಸನ್ ಮತ್ತು ನೈಜೆಲ್ ಫ್ರಾಂಕ್ಸ್ ಎಂಬ ಸಂಶೋಧಕರು 2001ರಲ್ಲಿ ಒಂದು ವಿಂಗಡಣೆಯನ್ನು ಮುಂದಿಟ್ಟರು. ಒಂದೇ ಇರುವೆ ಆರಂಭದಿಂದ ಕೊನೆಯವರೆಗೆ ಮುಗಿಸಬಲ್ಲದ್ದು ಒಂಟಿ ಕೆಲಸ. ಹಲವು ಇರುವೆಗಳು ಒಂದೇ ಬಗೆಯ ಕೆಲಸವನ್ನು ಏಕಕಾಲದಲ್ಲಿ ಮಾಡಿದರೆ ಮಾತ್ರ ಮುಗಿಯುವುದು ಗುಂಪು ಕೆಲಸ. ಒಬ್ಬರ ನಂತರ ಒಬ್ಬರು ಕೈ ಬದಲಿಸಿಕೊಂಡು ಸಾಗಿಸುವುದು ಪಾಲು ಹಂಚಿದ ಕೆಲಸ. ಬೇರೆ ಬೇರೆ ಇರುವೆಗಳು ಬೇರೆ ಬೇರೆ ಪಾತ್ರ ವಹಿಸಿ, ಅದೂ ಒಂದೇ ಹೊತ್ತಿನಲ್ಲಿ ದುಡಿದರೆ ಮಾತ್ರ ಅದು ತಂಡದ ಕೆಲಸ. ಈ ಕಟ್ಟುನಿಟ್ಟಾದ ಅರ್ಥದಲ್ಲಿ ನೋಡಿದರೆ ಇರುವೆಗಳ ಲೋಕದಲ್ಲಿ ತಂಡದ ಕೆಲಸ ನಾವು ಊಹಿಸುವುದಕ್ಕಿಂತ ಅಪರೂಪದ್ದು. ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜಾತಿಗಳಿರುವ ಈ ಕುಟುಂಬದಲ್ಲಿ ಅದು ಕೆಲವು ಜಾತಿಗಳಲ್ಲಿ, ಕೆಲವು ಸಂದರ್ಭಗಳಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆ. ಕಂಡಲ್ಲಿ ಮಾತ್ರ ಅದು ನಿಜಕ್ಕೂ ಬೆರಗು ಹುಟ್ಟಿಸುವಂಥದ್ದು.

ಅಮೆರಿಕ ಖಂಡದ ಉಷ್ಣವಲಯದ ಕಾಡುಗಳಲ್ಲಿ ದಂಡೆತ್ತಿ ಸಾಗುವ ಸೈನಿಕ ಇರುವೆಗಳು ಬೇಟೆಯನ್ನು ಸಾಗಿಸುವ ರೀತಿಯನ್ನು ಫ್ರಾಂಕ್ಸ್ 1980ರ ದಶಕದಲ್ಲಿ ಅಳೆದು ನೋಡಿದ್ದರು. ದೊಡ್ಡ ಗಾತ್ರದ ಒಂದು ಇರುವೆ ಬೇಟೆಯ ಮುಂಭಾಗವನ್ನು ಹಿಡಿಯುತ್ತದೆ, ಚಿಕ್ಕದೊಂದು ಹಿಂಭಾಗಕ್ಕೆ ಹೆಗಲು ಕೊಡುತ್ತದೆ. ಅದೇ ಬೇಟೆಯನ್ನು ಕತ್ತರಿಸಿ ಆ ಇರುವೆಗಳಿಗೆ ಪ್ರತ್ಯೇಕವಾಗಿ ಹಂಚಿದ್ದರೆ ಅವೆಲ್ಲವೂ ಸೇರಿ ಹೊರಬಹುದಾಗಿದ್ದ ತೂಕಕ್ಕಿಂತ ಹೆಚ್ಚಿನ ತೂಕವನ್ನು ಜೊತೆಯಾಗಿ ಹೊರುತ್ತಿದ್ದವು. ಒಂಟಿಯಾಗಿ ಹೊರುವಾಗ ಹೊರೆ ಒಂದು ಕಡೆಗೆ ವಾಲಿ ತಿರುಗಲು ನೋಡುತ್ತದೆ. ಎರಡೂ ತುದಿಯಲ್ಲಿ ಹಿಡಿತ ಬಿದ್ದಾಗ ಆ ವಾಲುವಿಕೆ ಒಂದನ್ನೊಂದು ಸರಿದೂಗಿಸುತ್ತದೆ. ಹೀಗಾಗಿ ಸಮತೋಲನಕ್ಕೆ ಖರ್ಚಾಗುತ್ತಿದ್ದ ಶಕ್ತಿಯೆಲ್ಲ ಹೊರುವುದಕ್ಕೆ ಉಳಿಯುತ್ತದೆ.

ಇದಕ್ಕಿಂತಲೂ ಸ್ಪಷ್ಟವಾದ ಲೆಕ್ಕ ಸಿಕ್ಕಿದ್ದು ಚಗಳಿ ಇರುವೆಗಳಿಂದ. ಮರದ ಎಲೆಗಳನ್ನು ಬಾಗಿಸಿ, ಅಂಚಿಗೆ ಅಂಚು ಕೂಡಿಸಿ, ತಮ್ಮ ಮರಿಹುಳುಗಳು ಹೊರಸೂಸುವ ರೇಷ್ಮೆಯಂಥ ಎಳೆಯಿಂದ ಅವನ್ನು ಹೊಲಿದು ಗೂಡು ಕಟ್ಟುವ ಈ ಕೆಂಪಿರುವೆಗಳಿಗೆ ಎಲೆಯನ್ನು ಎಳೆದು ಹಿಡಿಯುವುದೇ ಕಟ್ಟಡದ ಮೊದಲ ಹಂತ. ಈ ಲೆಕ್ಕದ ಮಹತ್ವ ತಿಳಿಯಬೇಕಾದರೆ ಮೊದಲು ಮನುಷ್ಯರ ಹಗ್ಗಜಗ್ಗಾಟದ ಲೆಕ್ಕ ತಿಳಿದಿರಬೇಕು. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್ಮನ್ ಹಗ್ಗ ಎಳೆಯುವವರ ಬಲವನ್ನು ಅಳೆದು 1913ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಗುಂಪು ದೊಡ್ಡದಾದಂತೆ ತಲಾ ಬಲ ಕುಗ್ಗುತ್ತದೆ. ಎಂಟು ಜನ ಸೇರಿದಾಗ ಪ್ರತಿಯೊಬ್ಬರ ಕೊಡುಗೆ ಒಂಟಿಯಾಗಿ ಎಳೆಯುವಾಗಿನ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಎಲ್ಲರೂ ಒಂದೇ ಕ್ಷಣದಲ್ಲಿ ಜಗ್ಗಲು ಆಗದಿರುವುದು ಒಂದು ಕಾರಣ. ಇನ್ನೊಬ್ಬರಿದ್ದಾರಲ್ಲ ಎಂಬ ಸಡಿಲಿಕೆ ಮತ್ತೊಂದು ಕಾರಣ.

ಚಗಳಿಗಳಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. 2025ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆಸ್ಟ್ರೇಲಿಯಾದ ಮ್ಯಾಕ್ವಾರಿ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಸಹೋದ್ಯೋಗಿಗಳು ಕೃತಕ ಎಲೆಯೊಂದನ್ನು ಬಲ ಅಳೆಯುವ ಉಪಕರಣಕ್ಕೆ ಜೋಡಿಸಿ ಇರುವೆಗಳಿಗೆ ಎಳೆಯಲು ಬಿಟ್ಟರು. ಒಂಟಿ ಇರುವೆ ತನ್ನ ದೇಹತೂಕದ ಸುಮಾರು 60 ಪಟ್ಟು ಬಲದಿಂದ ಎಳೆಯಿತು. ಹದಿನೈದು ಇರುವೆಗಳ ತಂಡದಲ್ಲಿ ತಲಾ ಬಲ ದೇಹತೂಕದ 100 ಪಟ್ಟನ್ನು ದಾಟಿತು. ತಂಡ ಬೆಳೆದಂತೆ ಪ್ರತಿ ಇರುವೆಯ ಕೊಡುಗೆ ಕುಗ್ಗುವ ಬದಲು ಹೆಚ್ಚಾಗಿತ್ತು.

ಇದು ಹೇಗೆ ಸಾಧ್ಯವಾಯಿತು ಎಂಬುದು ಸರಪಣಿಯನ್ನು ಹತ್ತಿರದಿಂದ ನೋಡಿದಾಗ ತಿಳಿಯುತ್ತದೆ. ಮುಂದಿನ ಇರುವೆ ಎಲೆಯ ಅಂಚನ್ನು ದವಡೆಯಿಂದ ಕಚ್ಚುತ್ತದೆ, ಅದರ ಹಿಂದಿನದು ಅದರ ಸಪೂರ ನಡುವನ್ನು ಕಚ್ಚುತ್ತದೆ, ಅದರ ಹಿಂದೆ ಇನ್ನೊಂದು. ಮುಂದಿರುವವುಗಳ ಕಾಲುಗಳು ಮಡಚಿರುತ್ತವೆ, ಎಳೆಯುವ ಕೆಲಸ ಅವುಗಳದ್ದು. ಹಿಂದಿರುವವು ಕಾಲುಗಳನ್ನು ನೀಳವಾಗಿ ಚಾಚಿ, ಅಂಟಿನಂತೆ ಹಿಡಿಯುವ ಪಾದಗಳನ್ನು ನೆಲಕ್ಕೆ ಊರಿ ಸುಮ್ಮನೆ ನಿಂತಿರುತ್ತವೆ. ಮೇಲ್ನೋಟಕ್ಕೆ ಇವು ಮೈಗಳ್ಳರಂತೆ ಕಂಡರೂ ಎಲೆ ಹಿಂದಕ್ಕೆ ಸೆಳೆದುಕೊಳ್ಳುವಾಗ ಆ ಸೆಳೆತವನ್ನು ತಡೆದು ನಿಲ್ಲಿಸುವುದು ಇವೇ. ಮುಂದಿನವು ಗಳಿಸಿದ ಒಂದೊಂದು ಎಳೆತವೂ ಜಾರಿಹೋಗದೆ ಸರಪಣಿಯಲ್ಲಿ ಜಮೆಯಾಗುತ್ತ ಹೋಗುತ್ತದೆ. ಒಂಟಿ ಇರುವೆಗೆ ಎಳೆಯುವುದನ್ನೂ ಜಾರದಂತೆ ನಿಲ್ಲುವುದನ್ನೂ ಆರೇ ಕಾಲುಗಳಲ್ಲಿ ನಿಭಾಯಿಸಬೇಕಾಗುತ್ತದೆ, ತಂಡದಲ್ಲಿ ಆ ಎರಡು ಕೆಲಸಗಳು ಬೇರೆ ಬೇರೆ ಮೈಗಳಿಗೆ ಹಂಚಿಹೋಗುತ್ತವೆ. ಹಾಗಾಗಿ ಅದೇ ಸಂಖ್ಯೆಯ ಇರುವೆಗಳು ಬಿಡಿಬಿಡಿಯಾಗಿ ಎಳೆಯುವುದಕ್ಕಿಂತ ಒಂದೇ ಉದ್ದ ಸರಪಣಿಯಾಗಿ ಎಳೆದಾಗ ಫಲ ಹೆಚ್ಚು.

ಬಲದ ಮಾತು ಹೀಗಾದರೆ, ಹೊರೆಯನ್ನು ಯಾವ ದಿಕ್ಕಿಗೆ ಒಯ್ಯಬೇಕು ಎಂಬುದು ಬೇರೆಯೇ ಸಮಸ್ಯೆ. ಉದ್ದ ಮೀಸೆಯ, ಅತ್ತಿತ್ತ ಓಡಾಡುವ ಸಣ್ಣ ಕಪ್ಪಿರುವೆಗಳ ಒಂದು ಜಾತಿ ತನಗಿಂತ ಎಷ್ಟೋ ಪಟ್ಟು ದೊಡ್ಡದಾದ ಆಹಾರದ ತುಣುಕನ್ನು ಹತ್ತಾರು ಸೇರಿ ಸಾಗಿಸುತ್ತದೆ. ಇವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿರುವ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಓಫರ್ ಫೈನರ್‌ಮನ್ ಮತ್ತು ಸಂಗಡಿಗರು 2015ರಲ್ಲಿ ತೋರಿಸಿದ್ದೇನೆಂದರೆ, ಹೊರೆಗೆ ಅಂಟಿಕೊಂಡ ಇರುವೆಗಳಲ್ಲಿ ಹೆಚ್ಚಿನವು ಗೂಡಿನ ದಿಕ್ಕನ್ನು ಕುರಿತು ಸ್ವಂತ ಅಭಿಪ್ರಾಯವನ್ನೇ ಇಟ್ಟುಕೊಂಡಿರುವುದಿಲ್ಲ. ಹೊರೆ ಯಾವ ಕಡೆ ಸಾಗುತ್ತಿದೆಯೋ ಅತ್ತಲೇ ಬಲ ಹಾಕುವುದು ಅವುಗಳ ಸ್ವಭಾವ. ಆಗಷ್ಟೇ ಹೊರಗಿನಿಂದ ಬಂದು ಸೇರಿದ, ದಾರಿ ಬಲ್ಲ ಒಂದು ಇರುವೆ ಬೇರೆ ದಿಕ್ಕಿಗೆ ಎಳೆದರೆ ಉಳಿದವು ಅದನ್ನು ಅನುಸರಿಸುತ್ತವೆ. ಆದರೆ ಆ ಮುಂದಾಳುತನದ ಅವಧಿ ಕೆಲವೇ ಸೆಕೆಂಡುಗಳು. ಅಷ್ಟರಲ್ಲಿ ಅದಕ್ಕಿದ್ದ ದಿಕ್ಕಿನ ತಿಳಿವಳಿಕೆ ಹಳತಾಗುತ್ತದೆ, ಅದೂ ಗುಂಪಿನಲ್ಲಿ ಒಂದಾಗುತ್ತದೆ, ಇನ್ನೊಂದು ಹೊಸ ಇರುವೆ ಬಂದು ಚುಕ್ಕಾಣಿ ಹಿಡಿಯುತ್ತದೆ. ಬಲ ಗುಂಪಿನದು, ತಿಳಿವಳಿಕೆ ಒಂಟಿ ಇರುವೆಯದು. ಇವೆರಡೂ ಇಲ್ಲಿ ಎದುರಾಳಿಗಳಲ್ಲ.

ಇದೇ ತಂಡ 2024ರ ಕೊನೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇರುವೆಗಳಿಗೂ ಮನುಷ್ಯರಿಗೂ ಒಂದೇ ಒಗಟನ್ನು ಕೊಟ್ಟಿತು. ಇಂಗ್ಲಿಷಿನ ಟಿ ಅಕ್ಷರದ ಆಕಾರದ ಹೊರೆಯನ್ನು ಎರಡು ಇಕ್ಕಟ್ಟಾದ ಸಂದುಗಳ ಮೂಲಕ ಮೂರು ಕೋಣೆಗಳನ್ನು ದಾಟಿಸಬೇಕು. ಆಟದ ಗಾತ್ರವನ್ನು ಆಯಾ ಜೀವಿಯ ಗಾತ್ರಕ್ಕೆ ಹೊಂದಿಸಲಾಗಿತ್ತು. ಒಂಟಿಯಾಗಿ ಆಡಿದಾಗ ಮನುಷ್ಯ ಸುಲಭವಾಗಿ ಗೆದ್ದ, ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಸುಮಾರು 80 ಇರುವೆಗಳ ದೊಡ್ಡ ಗುಂಪು ಒಂಟಿ ಇರುವೆಗಿಂತಲೂ ಏಳೆಂಟರ ಸಣ್ಣ ಗುಂಪಿಗಿಂತಲೂ ಎಷ್ಟೋ ಚೆನ್ನಾಗಿ ಆಡಿತು. ಒಮ್ಮೆ ಹಿಡಿದ ದಿಕ್ಕಿನಲ್ಲಿ ಗೋಡೆಗುಂಟ ಬಿಡದೆ ಸಾಗುವ ಗುಂಪಿನ ಚಲನೆಯೇ ಒಂದು ಬಗೆಯ ನೆನಪಿನಂತೆ ಕೆಲಸ ಮಾಡಿ, ಮಾಡಿದ ತಪ್ಪನ್ನೇ ಮತ್ತೆ ಮಾಡುವುದನ್ನು ತಪ್ಪಿಸಿತು. ಮನುಷ್ಯರ ಗುಂಪಿಗೆ ಅಂಥ ಲಾಭವೇನೂ ಸಿಗಲಿಲ್ಲ. ಮಾತು, ಮುಖಭಾವ ಎರಡಕ್ಕೂ ತಡೆ ಹಾಕಿದಾಗಲಂತೂ ಅವರ ಆಟ ಇನ್ನಷ್ಟು ಕೆಟ್ಟಿತು, ಕಣ್ಣಿಗೆ ಥಟ್ಟನೆ ಹೊಳೆಯುವ ಹತ್ತಿರದ ದಾರಿಯತ್ತಲೇ ಎಲ್ಲರೂ ವಾಲಿದರು.

ಇಷ್ಟು ಓದಿ ಗುಂಪಿನ ಬುದ್ಧಿಯೇ ಯಾವಾಗಲೂ ಮೇಲು ಎಂದು ತೀರ್ಮಾನಿಸುವುದು ಅವಸರವಾದೀತು. ಗುಂಪು ದಾರಿ ಕಂಡುಕೊಳ್ಳುವ ಬಗೆಯಲ್ಲೇ ಅದು ದಾರಿ ತಪ್ಪುವ ಬಗೆಯೂ ಅಡಗಿದೆ. ಬೆಲ್ಜಿಯಂನ ಝಾನ್-ಲೂಯಿ ದನುಬೂರ್ ಮತ್ತು ಸಂಗಡಿಗರು 1980ರ ದಶಕದ ಕೊನೆಯಲ್ಲಿ ನಡೆಸಿದ ಸೇತುವೆ ಪ್ರಯೋಗ ಈ ವಿಷಯದಲ್ಲಿ ಹೆಸರಾದದ್ದು. ಅರ್ಜೆಂಟೀನಾ ಇರುವೆಗಳ ಗೂಡಿಗೂ ಆಹಾರಕ್ಕೂ ನಡುವೆ ಉದ್ದದ್ದೊಂದು, ಗಿಡ್ಡದ್ದೊಂದು, ಹೀಗೆ ಎರಡು ದಾರಿಗಳನ್ನಿಟ್ಟಾಗ ಇರುವೆಗಳು ಸ್ವಲ್ಪ ಹೊತ್ತಿನಲ್ಲಿ ಗಿಡ್ಡ ದಾರಿಯನ್ನೇ ಹಿಡಿದವು. ಯಾವ ಇರುವೆಯೂ ಎರಡು ದಾರಿಗಳನ್ನು ಅಳೆದು ಹೋಲಿಸಿ ನೋಡಿರಲಿಲ್ಲ. ನಡೆಯುವಾಗ ಪ್ರತಿಯೊಂದೂ ನೆಲಕ್ಕೆ ವಾಸನೆಯ ರಾಸಾಯನಿಕವನ್ನು, ಅಂದರೆ ಫೆರೊಮೋನನ್ನು, ಸವರುತ್ತ ಹೋಗುತ್ತದೆ. ಗಿಡ್ಡ ದಾರಿಯಲ್ಲಿ ಹೋದವು ಬೇಗ ಮರಳುವುದರಿಂದ ಅಲ್ಲಿ ವಾಸನೆ ಬೇಗ ದಟ್ಟವಾಗುತ್ತದೆ. ದಟ್ಟ ವಾಸನೆ ಇನ್ನಷ್ಟು ಇರುವೆಗಳನ್ನು ಸೆಳೆಯುತ್ತದೆ. ಆದರೆ ಮೊದಲು ಉದ್ದ ದಾರಿಯನ್ನು ಮಾತ್ರ ತೆರೆದು, ಅಲ್ಲಿ ವಾಸನೆ ದಟ್ಟವಾದ ಮೇಲೆ ಗಿಡ್ಡ ದಾರಿಯನ್ನು ಜೋಡಿಸಿದಾಗ ಗುಂಪು ಹಳೆಯ ಉದ್ದ ದಾರಿಯಲ್ಲೇ ಉಳಿಯಿತು. ಕಂಪ್ಯೂಟರ್ ವಿಜ್ಞಾನದಲ್ಲಿ ಇರುವೆಗಳಿಂದ ಪ್ರೇರಣೆ ಪಡೆದ ಲೆಕ್ಕಾಚಾರದ ವಿಧಾನವನ್ನು ಮಾರ್ಕೊ ಡೊರಿಗೊ 1990ರ ದಶಕದಲ್ಲಿ ರೂಪಿಸಿದಾಗ ಕೃತಕ ವಾಸನೆ ಕ್ರಮೇಣ ಆವಿಯಾಗುವಂತೆ ಮಾಡಿದ್ದು ಇಂಥ ಹಳೆಯ ತಪ್ಪಿಗೆ ಅಂಟಿಕೊಳ್ಳುವುದನ್ನು ತಡೆಯಲೆಂದೇ.

ಅನುಸರಿಸುವ ಗುಣ ಮಿತಿಮೀರಿದರೆ ಏನಾಗುತ್ತದೆ ಎಂಬುದಕ್ಕೆ ಸೈನಿಕ ಇರುವೆಗಳ ಚಕ್ರವ್ಯೂಹ ಸಾಕ್ಷಿ. ಕಣ್ಣು ಹೆಚ್ಚೇನೂ ಕಾಣದ ಈ ಇರುವೆಗಳ ಒಂದು ಗುಂಪು ಮುಖ್ಯ ದಂಡಿನಿಂದ ಬೇರ್ಪಟ್ಟು, ತನ್ನದೇ ವಾಸನೆಯ ಜಾಡನ್ನು ಹಿಡಿದು ಸುತ್ತುತ್ತ, ಸುಸ್ತಾಗಿ ಸಾಯುವವರೆಗೂ ಸುತ್ತುತ್ತಲೇ ಇರುವುದನ್ನು ಅಮೆರಿಕದ ಷ್ನೈರ್ಲಾ 1944ರಲ್ಲಿ ವಿವರವಾಗಿ ದಾಖಲಿಸಿದರು. ಅಲ್ಲಿ ಶಿಸ್ತಿಗೆ ಕೊರತೆ ಇರಲಿಲ್ಲ.

ಒಂಟಿ ನಿರ್ಧಾರ ಯಾವಾಗ ಮೇಲು, ಗುಂಪಿನ ನಿರ್ಧಾರ ಯಾವಾಗ ಮೇಲು ಎಂಬುದನ್ನು ತೂಗಿ ನೋಡಲು ಅತ್ಯಂತ ಅನುಕೂಲವಾದ ಜೀವಿಯೆಂದರೆ ಬಂಡೆಯ ಬಿರುಕುಗಳಲ್ಲಿ ನೂರು ಇನ್ನೂರರ ಸಂಖ್ಯೆಯಲ್ಲಿ ವಾಸಿಸುವ ಟೆಮ್ನೊಥೊರಾಕ್ಸ್ ಕುಲದ ಪುಟಾಣಿ ಇರುವೆ. ಗೂಡು ಹಾಳಾದಾಗ ಕೆಲವು ಇರುವೆಗಳು ಹೊಸ ಜಾಗ ಹುಡುಕಲು ಹೊರಡುತ್ತವೆ. ಜಾಗ ಹಿಡಿಸಿದರೆ ಒಂದು ಇರುವೆ ಇನ್ನೊಂದನ್ನು ಕರೆದುಕೊಂಡು ಹೊರಡುತ್ತದೆ. ಹಿಂದಿನದು ಮುಂದಿನದರ ಮೈಯನ್ನು ಕುಡಿಮೀಸೆಯಿಂದ ತಟ್ಟುತ್ತಿರಬೇಕು, ತಟ್ಟುವುದು ನಿಂತರೆ ಮುಂದಿನದು ಕಾದು ನಿಲ್ಲುತ್ತದೆ. ಇಂಥ ಜೋಡಿ ನಡಿಗೆಯಲ್ಲಿ ಆಹಾರದ ದಾರಿ ತೋರಿಸುವ ಇರುವೆ ತಾನೊಂದೇ ಹೋಗಿದ್ದರೆ ಸುಮಾರು ನಾಲ್ಕು ಪಟ್ಟು ಬೇಗ ತಲುಪುತ್ತಿತ್ತು ಎಂದು ಫ್ರಾಂಕ್ಸ್ ಮತ್ತು ಟಾಮ್ ರಿಚರ್ಡ್‌ಸನ್ 2006ರಲ್ಲಿ ಲೆಕ್ಕ ಹಾಕಿ, ಇದನ್ನು ಪ್ರಾಣಿಲೋಕದ ನಿಜವಾದ ಕಲಿಸುವಿಕೆ ಎಂದು ಕರೆದರು. ಹೊಸ ಜಾಗದಲ್ಲಿ ಸಾಕಷ್ಟು ಇರುವೆಗಳು ಕಲೆತಿವೆ ಎಂದು ತಿಳಿದೊಡನೆ ಈ ನಿಧಾನದ ವಿಧಾನವನ್ನು ಬಿಟ್ಟು, ಗೂಡಿನಲ್ಲಿ ಉಳಿದವನ್ನು ನೇರವಾಗಿ ಹೊತ್ತು ಸಾಗಿಸುವ ಕೆಲಸ ಶುರುವಾಗುತ್ತದೆ.

ಸ್ಟೀಫನ್ ಪ್ರ್ಯಾಟ್ ಮತ್ತು ತಕಾವೊ ಸಸಾಕಿ ಈ ಇರುವೆಗಳಿಗೆ ಕತ್ತಲೆಯ ಪ್ರಮಾಣದಲ್ಲಿ ವ್ಯತ್ಯಾಸವಿರುವ ಎರಡು ಗೂಡುಗಳನ್ನು ಕೊಟ್ಟು ನೋಡಿದರು. ಇರುವೆಗಳಿಗೆ ಹೆಚ್ಚು ಕತ್ತಲಿನ ಗೂಡೇ ಇಷ್ಟ. ವ್ಯತ್ಯಾಸ ತೀರ ಕಡಿಮೆ ಇದ್ದಾಗ ಇಡೀ ಗೂಡಿನ ಆಯ್ಕೆ ಒಂಟಿ ಇರುವೆಯ ಆಯ್ಕೆಗಿಂತ ನಿಖರವಾಗಿತ್ತು. ಆದರೆ ವ್ಯತ್ಯಾಸ ಎದ್ದು ಕಾಣುವಂತಿದ್ದಾಗ ಒಂಟಿ ಇರುವೆಯೇ ಹೆಚ್ಚು ಸರಿಯಾಗಿ ಆರಿಸಿತು. 2013ರಲ್ಲಿ ಪ್ರಕಟವಾದ ಈ ಫಲಿತಾಂಶದ ಹಿಂದಿನ ಕಾರಣ ಸೇತುವೆ ಪ್ರಯೋಗದ್ದೇ. ಒಂದು ಇರುವೆ ಇನ್ನೊಂದನ್ನು ಕರೆದು ತರುವ ವ್ಯವಸ್ಥೆ ಸಣ್ಣ ವ್ಯತ್ಯಾಸವನ್ನು ಹಿಗ್ಗಿಸಿ ತೋರಿಸುತ್ತದೆ. ಕಷ್ಟದ ಆಯ್ಕೆಯಲ್ಲಿ ಇದು ವರ. ಸುಲಭದ ಆಯ್ಕೆಯಲ್ಲಿ ಮಾತ್ರ, ಮೊದಲು ಹೋದ ಕೆಲವು ಇರುವೆಗಳು ಅಕಸ್ಮಾತ್ತಾಗಿ ಕಳಪೆ ಗೂಡನ್ನು ಹೊಕ್ಕರೆ, ಅದೇ ವ್ಯವಸ್ಥೆ ಆ ಆಕಸ್ಮಿಕವನ್ನೂ ಹಿಗ್ಗಿಸಿ ಇಡೀ ಗುಂಪನ್ನು ಅಲ್ಲಿಗೇ ಕಟ್ಟಿಹಾಕಬಹುದು. ಇದಕ್ಕೆ ಒಂದು ವರ್ಷ ಮೊದಲು ಅವರೇ ತೋರಿಸಿದಂತೆ, ಎರಡರ ಬದಲು ಎಂಟು ಗೂಡುಗಳನ್ನು ಮುಂದಿಟ್ಟರೆ ಒಂಟಿ ಇರುವೆ ತಬ್ಬಿಬ್ಬಾಗುತ್ತದೆ, ಗುಂಪು ಆಗುವುದಿಲ್ಲ. ಏಕೆಂದರೆ ಗುಂಪಿನಲ್ಲಿ ಪ್ರತಿಯೊಂದು ಇರುವೆಯೂ ಒಂದೆರಡು ಗೂಡುಗಳನ್ನಷ್ಟೇ ನೋಡಿರುತ್ತದೆ. ನನ್ನ ದೃಷ್ಟಿಯಲ್ಲಿ ಈ ಇಡೀ ಚರ್ಚೆಯ ತಿರುಳು ಈ ಎರಡು ಪ್ರಯೋಗಗಳಲ್ಲಿದೆ.

ಒಂಟಿ ದುಡಿಮೆಯನ್ನೇ ನೆಚ್ಚಿಕೊಂಡ ಇರುವೆಗಳೂ ಇವೆ. ಸಹಾರಾ ಮರುಭೂಮಿಯ ಕ್ಯಾಟಗ್ಲಿಫಿಸ್ ಕುಲದ ಇರುವೆ ಬಿಸಿಲಿಗೆ ಸತ್ತ ಕೀಟಗಳನ್ನು ಆಯ್ದು ತರಲು ನೆತ್ತಿ ಸುಡುವ ಹೊತ್ತಿನಲ್ಲೇ ಹೊರಡುತ್ತದೆ. ಕಾದ ನೆಲದ ಮೇಲೆ ವಾಸನೆಯ ಜಾಡು ನಿಲ್ಲುವುದಿಲ್ಲ. ಆಹಾರವೂ ಒಂದೇ ಕಡೆ ರಾಶಿಯಾಗಿರದೆ ಅಲ್ಲೊಂದು ಇಲ್ಲೊಂದು ಸಿಗುವುದರಿಂದ ಉಳಿದವನ್ನು ಕರೆದೊಯ್ದು ಪ್ರಯೋಜನವೂ ಇಲ್ಲ. ಆದ್ದರಿಂದ ಪ್ರತಿಯೊಂದು ಇರುವೆಯೂ ತನ್ನ ದಾರಿಯನ್ನು ತಾನೇ ಬಲ್ಲದ್ದಾಗಿರಬೇಕು. ಸ್ವಿಟ್ಜರ್ಲೆಂಡಿನ ರುಡಿಗರ್ ವೇನರ್ ದಶಕಗಳ ಕಾಲ ಅಭ್ಯಸಿಸಿದ ಈ ಇರುವೆ ಆಕಾಶದ ಬೆಳಕಿನ ಧ್ರುವೀಕರಣದಿಂದ (ಬೆಳಕಿನ ಅಲೆಗಳು ಒಂದು ನಿರ್ದಿಷ್ಟ ದಿಕ್ಕಿನಲ್ಲಿ ಕಂಪಿಸುವುದರಿಂದ) ದಿಕ್ಕನ್ನೂ ಹೆಜ್ಜೆಗಳ ಲೆಕ್ಕದಿಂದ ದೂರವನ್ನೂ ತಿಳಿದು, ನೂರಾರು ಅಡಿ ಅಂಕುಡೊಂಕಾಗಿ ಅಲೆದ ಮೇಲೂ ನೇರ ಗೆರೆಯಲ್ಲಿ ಗೂಡಿಗೆ ಮರಳುತ್ತದೆ. 2006ರ ಪ್ರಯೋಗವೊಂದರಲ್ಲಿ ಇವುಗಳ ಕಾಲಿಗೆ ಹಂದಿಯ ಕೂದಲಿನ ಮರಗಾಲು ಕಟ್ಟಿದಾಗ ಮರಳುವಾಗ ಗೂಡನ್ನು ದಾಟಿ ಮುಂದೆ ಹೋದವು. ಕಾಲನ್ನು ಗಿಡ್ಡ ಮಾಡಿದಾಗ ಗೂಡು ಬರುವ ಮೊದಲೇ ನಿಂತು ಹುಡುಕಾಡಿದವು. ಹೆಜ್ಜೆಯ ಲೆಕ್ಕ ಹಾಗೆಯೇ ಇತ್ತು, ಹೆಜ್ಜೆಯ ಉದ್ದ ಬದಲಾಗಿತ್ತು. ಗುಂಪಿನ ನೆರವಿಲ್ಲದ ಕಡೆ ಒಂಟಿ ಇರುವೆಯ ಮಿದುಳು ಎಷ್ಟು ಹೊಣೆ ಹೊರಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನು, ಏನೂ ಮಾಡದ ಇರುವೆಗಳ ವಿಚಾರ. ಶ್ರಮಕ್ಕೆ ಮಾದರಿಯೆಂದು ಹೆಸರಾದ ಈ ಜೀವಿಯ ಗೂಡಿನಲ್ಲಿ ದೊಡ್ಡ ಪಾಲು ಸುಮ್ಮನೆ ಕುಳಿತಿರುತ್ತದೆ. ಅರಿಜೋನಾ ವಿಶ್ವವಿದ್ಯಾಲಯದ ಡೇನಿಯಲ್ ಚಾರ್ಬೊನೊ ಮತ್ತು ಅನ್ನಾ ಡಾರ್ನ್‌ಹಾಸ್ ಟೆಮ್ನೊಥೊರಾಕ್ಸ್ ಇರುವೆಗಳ ಮೈಗೆ ಬಣ್ಣದ ಗುರುತು ಹಾಕಿ ಒಂದೊಂದನ್ನೂ ಹಿಂಬಾಲಿಸಿದಾಗ ಸುಮಾರು 40 ಶೇಕಡಾ ಇರುವೆಗಳು ಬಹುಪಾಲು ಸಮಯ ನಿಷ್ಕ್ರಿಯವಾಗಿರುವುದು ಕಂಡಿತು. ಅತಿ ಹೆಚ್ಚು ದುಡಿಯುವ ಐದನೇ ಒಂದು ಪಾಲನ್ನು ತೆಗೆದುಬಿಟ್ಟಾಗ ವಾರದೊಳಗೆ ಸುಮ್ಮನಿದ್ದವುಗಳಲ್ಲಿ ಕೆಲವು ಎದ್ದು ಅವುಗಳ ಜಾಗ ತುಂಬಿದವು. ಅತಿ ಕಡಿಮೆ ದುಡಿಯುವ ಐದನೇ ಒಂದು ಪಾಲನ್ನು ತೆಗೆದಾಗ ಹಾಗಾಗಲಿಲ್ಲ, ದುಡಿಯುತ್ತಿದ್ದವು ಯಾವುವೂ ಸೋಮಾರಿಗಳಾಗಲಿಲ್ಲ. ಹಾಗಾದರೆ ಇವು ಮೀಸಲು ಪಡೆ ಎನ್ನಬಹುದು, ಕನಿಷ್ಠ ಅದೊಂದು ಪಾತ್ರವನ್ನಾದರೂ ನಿರ್ವಹಿಸುತ್ತವೆ.

ಸುಮ್ಮನಿರುವುದಕ್ಕೆ ಇನ್ನೊಂದು ಬಗೆಯ ಕಾರಣವನ್ನು ಜಾರ್ಜಿಯಾ ಟೆಕ್‌ನ ಡೇನಿಯಲ್ ಗೋಲ್ಡ್‌ಮನ್ ತಂಡ 2018ರಲ್ಲಿ ಬೆಂಕಿ ಇರುವೆಗಳಲ್ಲಿ ಗುರುತಿಸಿತು. ಮೂವತ್ತು ಇರುವೆಗಳ ಗುಂಪಿನಲ್ಲಿ ಸುಮಾರು 30 ಶೇಕಡಾ ಇರುವೆಗಳೇ ಸುರಂಗ ಅಗೆಯುವ ಕೆಲಸದ 70 ಶೇಕಡಾ ಮಾಡುತ್ತಿದ್ದವು. ಕಿರಿದಾದ ಓಣಿಯಲ್ಲಿ ಎರಡು ಗಾಡಿಗಳು ಎದುರುಬದುರಾದಂತೆ, ಎಲ್ಲ ಇರುವೆಗಳೂ ಒಮ್ಮೆಲೇ ಸುರಂಗಕ್ಕಿಳಿದರೆ ಮುಂದಕ್ಕೂ ಹಿಂದಕ್ಕೂ ದಾರಿ ಸಿಗುವುದಿಲ್ಲ. ಜನದಟ್ಟಣೆ ಕಂಡ ಇರುವೆ ಮಣ್ಣು ತೆಗೆಯದೆ ಬರಿಗೈಯಲ್ಲಿ ಹಿಂದಿರುಗುತ್ತದೆ, ಕೆಲವು ಹೊರಡುವುದೇ ಇಲ್ಲ. ಇದೇ ನಿಯಮವನ್ನು ಅಗೆಯುವ ಪುಟ್ಟ ರೋಬಾಟ್‌ಗಳಿಗೆ ಅಳವಡಿಸಿದಾಗ ಅವುಗಳ ಕೆಲಸವೂ ಸುಗಮವಾಯಿತು. ಸ್ವಾರಸ್ಯದ ಸಂಗತಿಯೆಂದರೆ, ಚೀನಾದ ವಿಜ್ಞಾನಿ ಚೆನ್ 1937ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇರುವೆಗಳು ಒಂಟಿಯಾಗಿದ್ದಾಗಿನದಕ್ಕಿಂತ ಒಂದೆರಡು ಜೊತೆಗಾರರಿದ್ದಾಗ ಬೇಗ ಅಗೆಯಲು ತೊಡಗಿ ಹೆಚ್ಚು ಮಣ್ಣು ತೆಗೆದಿದ್ದವು. ಎರಡೂ ಫಲಿತಾಂಶಗಳು ಒಟ್ಟಿಗೆ ನಿಲ್ಲಬಲ್ಲವು: ಜಾಗ ಇರುವಷ್ಟು ಹೊತ್ತು ಜೊತೆ ಹುರುಪು ಕೊಡುತ್ತದೆ, ಜಾಗ ಮುಗಿದ ಮೇಲೆ ಹಿಂದೆ ಸರಿದು ನಿಲ್ಲುವುದೇ ಉಪಕಾರ.

ತನ್ನದೇ ಮರಿಯಿಲ್ಲದ ಕೆಲಸಗಾರ ಇರುವೆ ಹೀಗೆ ಗೂಡಿಗಾಗಿ ಜೀವ ತೇಯುವುದೇಕೆ ಎಂಬ ಪ್ರಶ್ನೆಗೆ ಉತ್ತರ ರಕ್ತಸಂಬಂಧದಲ್ಲಿದೆ ಎಂದು ಜೀವವಿಜ್ಞಾನಿ ವಿಲಿಯಂ ಹ್ಯಾಮಿಲ್ಟನ್ 1964ರಲ್ಲಿ ವಾದಿಸಿದರು. ರಾಣಿಯ ಮರಿಗಳನ್ನು ಬೆಳೆಸುವುದೆಂದರೆ ತನ್ನ ವಂಶವಾಹಿಗಳ ಪ್ರತಿಗಳನ್ನೇ ಬೆಳೆಸಿದಂತೆ. ಆದರೂ ಸ್ವಾರ್ಥ ಪೂರ್ತಿ ಅಳಿದಿಲ್ಲ: ಕೆಲವು ಜಾತಿಗಳಲ್ಲಿ ಕೆಲಸಗಾರ ಇರುವೆ ಕದ್ದುಮುಚ್ಚಿ ಇಟ್ಟ ಮೊಟ್ಟೆಯನ್ನು ಸಂಗಾತಿಗಳೇ ಹುಡುಕಿ ತಿಂದುಹಾಕುತ್ತವೆ.

ಒಂಟಿ ಇರುವೆಯ ನಡವಳಿಕೆ ಗೂಡಿನ ಒಟ್ಟು ಬದುಕಾಗಿ ಹೇಗೆ ಪರಿವರ್ತನೆಯಾಗುತ್ತದೆ ಎಂಬುದನ್ನು ದೀರ್ಘಕಾಲ ಹಿಂಬಾಲಿಸಿದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೆಬೊರಾ ಗಾರ್ಡನ್. ಅರಿಜೋನಾ ಮತ್ತು ನ್ಯೂ ಮೆಕ್ಸಿಕೋ ಗಡಿಯ ಒಣ ಬಯಲಿನಲ್ಲಿ ಬೀಜ ಸಂಗ್ರಹಿಸುವ ಇರುವೆಗಳ ಗೂಡುಗಳನ್ನು ಅವರು 1980ರ ದಶಕದಿಂದ ವರ್ಷವರ್ಷವೂ ಎಣಿಸುತ್ತ ಬಂದಿದ್ದಾರೆ. ಗೂಡಿನ ಬಾಯಲ್ಲಿ ಕಾದಿರುವ ಇರುವೆ, ಬೀಜ ಹೊತ್ತು ಮರಳಿದ ಇರುವೆಗಳನ್ನು ಕುಡಿಮೀಸೆಯಿಂದ ಮುಟ್ಟಿ ಅವುಗಳ ಮೈವಾಸನೆಯನ್ನು ಗುರುತಿಸುತ್ತದೆ. ಇಂಥ ಭೇಟಿಗಳು ಬೇಗಬೇಗನೆ ನಡೆದರೆ ಹೊರಗೆ ಆಹಾರ ಸುಲಭವಾಗಿ ಸಿಗುತ್ತಿದೆ ಎಂದರ್ಥ, ಅದು ಹೊರಡುತ್ತದೆ. ಭೇಟಿಗಳು ವಿರಳವಾದರೆ ಒಳಗೇ ಉಳಿಯುತ್ತದೆ. ಯಾರೂ ಅಪ್ಪಣೆ ಕೊಡುವುದಿಲ್ಲ, ರಾಣಿಗೆ ಇದರ ಸುದ್ದಿಯೇ ಇರುವುದಿಲ್ಲ. ಈ ಇರುವೆಗಳಿಗೆ ನೀರು ಸಿಗುವುದು ತಿನ್ನುವ ಬೀಜದಿಂದಲೇ, ಬಿಸಿಲಲ್ಲಿ ಅಲೆದಷ್ಟೂ ಮೈಯ ನೀರು ಆರುತ್ತದೆ. ತೀರ ಒಣಹವೆಯ ದಿನಗಳಲ್ಲಿ ಕೆಲವು ಗೂಡುಗಳು ಎಂದಿನಂತೆ ಇರುವೆಗಳನ್ನು ಹೊರಗೆ ಕಳಿಸುತ್ತಿದ್ದವು, ಇನ್ನು ಕೆಲವು ತಡೆದುಕೊಳ್ಳುತ್ತಿದ್ದವು. ಯಾವ ಗೂಡಿನ ಮಗಳು ರಾಣಿಯರು ಬೇರೆಡೆ ಹೊಸ ಗೂಡು ಕಟ್ಟಿ ಬಾಳಿದರು ಎಂಬುದನ್ನು ವಂಶವಾಹಿ ಪರೀಕ್ಷೆಯಿಂದ ಪತ್ತೆಹಚ್ಚಿ ಗಾರ್ಡನ್ 2013ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಒಣಹವೆಯ ದಿನಗಳಲ್ಲಿ ದುಡಿಮೆ ತಗ್ಗಿಸಿ ಒಳಗುಳಿದ ಗೂಡುಗಳಿಗೇ ಸಂತಾನ ಗೂಡುಗಳು ಹೆಚ್ಚಾಗಿದ್ದವು.